ಕೊಕ್ಕರೆ ಇಳಿದ ಹುಣಸೆಮರಗಳ ಗುತ್ತಿಗೆ

ಈ ಅನುಭವಕ್ಕೆ ನಾನು ತೆತ್ತ ಬೆಲೆ ಒಂಬತ್ತು ಹುಣಸೆಮರಗಳ ಒಂದು ವರ್ಷದ ಹಣ್ಣು, ಅದರ ಮೇಲೆ ಒಂದು ಬಂಡಿ ಹೊಸ ಗೋಣಿಚೀಲ. ಯಾಕೆ ತೆತ್ತೆ ಅಂತ ಕೇಳಿದರೆ ಉತ್ತರ ಸರಳವಾಗಿದೆ. ಮರಗಳು ಅಗ್ಗಕ್ಕೆ ಸಿಕ್ಕವು. ವ್ಯಾಪಾರದಲ್ಲಿ ಆದ ನಷ್ಟವನ್ನು ನಾನು ಮರೆಯುವವನಲ್ಲ. ಆದರೆ ನೆನೆಸಿಕೊಂಡರೆ ನಗು ಬರುವಂಥ ನಷ್ಟ ಇದೊಂದೇ.

ಅದು ೧೯೭೭ನೇ ಇಸವಿ ಮುಗಿಯುತ್ತಿದ್ದ ಕಾಲ. ನಾನು ಹುಟ್ಟಿ ಬೆಳೆದದ್ದು ದೇವದುರ್ಗದಲ್ಲಿ. ಅಪ್ಪನ ಆಸ್ತಿ ಅಂತ ಏನೂ ಇರಲಿಲ್ಲ. ಸೈಕಲ್ ಮೇಲೆ ಉಪ್ಪು, ಬೆಲ್ಲ, ಬೀಡಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ ವ್ಯಾಪಾರ ಕಲಿತವನು ನಾನು. ಆ ದಿನಗಳಲ್ಲಿ ಎರೆಹೊಲದ ನಡುವೆ ಹೋಗುವಾಗ ಚಿಗರಿ ಜಿಂಕೆಗಳ ಹಿಂಡುಗಳು ಕಾಣುತ್ತಿದ್ದವು. ಸೈಕಲ್ ಗಂಟೆ ಬಾರಿಸಿದರೆ ಒಂದರ ಹಿಂದೊಂದು ಜಿಗಿಯುತ್ತ ಹೋಗುತ್ತಿದ್ದವು. ಆಮೇಲೆ ಜೀಪಿನಲ್ಲಿ ಬಂದೂಕು ಹಿಡಿದು ಬರುವವರು ಹೆಚ್ಚಾದರು, ಚಿಗರಿಗಳು ಕಡಿಮೆಯಾದವು. ಆಗ ಅದು ನನಗೆ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಚಿಗರಿ ನಾನು ಮಾರುವ ಸರಕಾಗಿರಲಿಲ್ಲ, ಅಷ್ಟೆ.

ಸೈಕಲ್ ಬಿಟ್ಟು ಹುಣಸೆಹಣ್ಣಿನ ವ್ಯಾಪಾರಕ್ಕೆ ಇಳಿದ ಮೇಲೆ ರಾಯಚೂರಿನ ಗಂಜ್‌ಗೆ ಓಡಾಟ ಶುರುವಾಯಿತು. ಗಂಜ್ ಅಂದರೆ ನಮ್ಮ ಕಡೆಯ ದೊಡ್ಡ ಮಾರುಕಟ್ಟೆ. ಅಲ್ಲಿ ಕಮಿಷನ್ ಮೇಲೆ ಮಾಲು ಮಾರಿಸುವ ಒಬ್ಬ ಅಡತಿ ಸಾಹುಕಾರರು ನನ್ನ ಚುರುಕು ನೋಡಿ ಒಂದು ಮಾತು ಕೊಟ್ಟಿದ್ದರು. ಯುಗಾದಿಯೊಳಗೆ ಒಂದು ಲಾರಿ ಒಳ್ಳೆಯ ಹುಣಸೆಹಣ್ಣು ತಂದು ಇಳಿಸಿದರೆ, ತಮ್ಮ ಅಂಗಡಿ ಸಾಲಿನಲ್ಲಿ ಖಾಲಿ ಬಿದ್ದಿದ್ದ ಒಂದು ವ್ಯಾಪಾರದ ಕಟ್ಟೆ ನನಗೆ. ಗಂಜ್‌ನಲ್ಲಿ ಕಟ್ಟೆ ಸಿಕ್ಕುವುದು ಅಂದರೆ ಊರೂರು ತಿರುಗುವುದು ಮುಗಿದು, ಊರೇ ನಮ್ಮ ಹತ್ತಿರ ಬರುವುದು. ನಾನು ಹಗಲೂ ರಾತ್ರಿ ಅದೇ ಧ್ಯಾನದಲ್ಲಿದ್ದೆ.

ಮಾನ್ವಿಯಿಂದ ಚೀಕಲಪರ್ವಿಯ ಕಡೆ ಹೋಗುವಾಗ, ತುಂಗಭದ್ರೆಗೆ ಹತ್ತಿರ ಒಂದು ಸಣ್ಣ ಹಳ್ಳಿ ಇದೆ. ಹೆಸರು ಬರೆಯುವುದಿಲ್ಲ, ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಊರ ಮುಂದೆ ಒಂಬತ್ತು ಭಾರಿ ಹುಣಸೆಮರಗಳು. ಒಂದೊಂದರ ಬುಡವನ್ನು ಇಬ್ಬರು ತಬ್ಬಬೇಕು. ಮರಗಳ ಒಡತಿ ಸಿದ್ದಮ್ಮ ಅನ್ನುವ ಮುದುಕಿ. ಹಣೆ ತುಂಬ ವಿಭೂತಿ, ಬಾಯಲ್ಲಿ ಎಲೆಅಡಿಕೆ, ಕಣ್ಣು ಮಾತ್ರ ತಕ್ಕಡಿ ನೋಡುವವರ ಕಣ್ಣು. ಡಿಸೆಂಬರಿನಲ್ಲಿ ಕಾಯಿ ಇನ್ನೂ ಹಸಿರಾಗಿರುವಾಗಲೇ ನೋಡಿ ಗುತ್ತಿಗೆ ಹಿಡಿಯುವುದು ನಮ್ಮ ಧಂದೆಯ ರೀತಿ. ಕೊಂಬೆ ನೋಡಿ ಹಣ್ಣು ಅಂದಾಜು ಮಾಡುವುದರಲ್ಲಿ ನನ್ನ ಕಣ್ಣು ತಪ್ಪುವುದು ಕಡಿಮೆ. ಕಾಯಿ ಜೋತುಬಿದ್ದಿತ್ತು. ನಾನು ಬೇಕಂತಲೇ ಮುಖ ಸಿಂಡರಿಸಿ, ಹುಳ ಬೀಳುವ ಗಿಡ, ಬೀಜ ದಪ್ಪ, ತಿರುಳು ತೆಳು ಅಂತೆಲ್ಲ ಹೇಳಿ ನಾಚಿಕೆ ಬಿಟ್ಟು ಕಡಿಮೆ ದರ ಕೇಳಿದೆ. ಮುದುಕಿ ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಆಕೆ ಎಲೆಅಡಿಕೆ ಉಗುಳಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ದರ ನೀ ಹೇಳಿದ್ದಾ ಆಗ್ಲಿ ತಮ್ಮಾ. ಕೊಯ್ಲು ಮಾತ್ರ ನಮ್ಮ ಊರ ಪದ್ಧತಿ ಪ್ರಕಾರ."

"ನಿಮ್ಮ ಪದ್ಧತಿ ಹ್ಯಾಂಗ ಅದನೋ ಹಂಗಾ ಆಗ್ಲಿ ಯವ್ವಾ," ಅಂದೆ. ಪದ್ಧತಿ ಅಂದರೆ ಗಿಡಕ್ಕೆ ತೆಂಗಿನಕಾಯಿ ಒಡೆಯುವುದು, ಮಠಕ್ಕೆ ಒಂದು ಬುಟ್ಟಿ ಹಣ್ಣು ಕೊಡುವುದು, ಅಂಥದ್ದೇನೋ ಇರಬೇಕು ಅಂತ ನನ್ನ ಲೆಕ್ಕ. ಆಗ ಮರದ ತುದಿಯಲ್ಲಿ ನಾಲ್ಕಾರು ಬಿಳಿ ಕೊಕ್ಕರೆಗಳು ಕಡ್ಡಿ ತಂದು ಇಡುತ್ತಿದ್ದವು. ನೋಡಿದೆ. ಹಕ್ಕಿ ಹುಣಸೆಹಣ್ಣು ತಿನ್ನುವುದಿಲ್ಲ ಅಂತ ಗೊತ್ತಿತ್ತು, ಸುಮ್ಮನಾದೆ.

ಮಾನ್ವಿಗೆ ಬಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ನನ್ನ ಸಾಹಸ ಹೇಳಿಕೊಂಡೆ. ಹೋಟೆಲಿನವನು ಕಪ್ಪು ಒರೆಸುತ್ತ, "ಸಿದ್ದಮ್ಮನ ಗಿಡ ಹಿಡದ್ರೇನ್ರಿ? ಚಲೋ ಆತು ಬಿಡ್ರಿ. ಹೋದ ವರ್ಷ ಹಿಡದವರು ಈ ಕಡಿ ಮಾರಿನೂ ಹಾಕಿಲ್ಲ," ಅಂದ. ಪೈಪೋಟಿಗೆ ಯಾರೂ ಇಲ್ಲ ಅಂತ ನಾನು ಇನ್ನೊಂದು ಚಹಾ ಹೇಳಿದೆ.

ಹೋಳಿ ಹುಣ್ಣಿಮೆ ಮುಗಿದ ಮೇಲೆ ಕೊಯ್ಲಿಗೆ ಹೊರಟೆವು. ನನ್ನ ಜೊತೆ ಗಿಲ್ಲೆಸುಗೂರಿನ ಹನುಮಂತ ಇದ್ದ. ಉದ್ದನೆಯ ಬಿದಿರು ಗಳ ಹಿಡಿದು ಮರ ಬಡಿದು ಹಣ್ಣು ಉದುರಿಸುವುದರಲ್ಲಿ ಅವನು, ಅವನ ತಮ್ಮಂದಿರು ಎತ್ತಿದ ಕೈ. ಊರು ಇನ್ನೂ ದೂರ ಇರುವಾಗಲೇ ಹನುಮಂತ ನಿಂತು ನೋಡಿದ. ಒಂಬತ್ತೂ ಮರಗಳ ಮೇಲೆ ಯಾರೋ ಮದುವೆ ಮನೆಯ ಧೋತರಗಳನ್ನು ಒಣಹಾಕಿದಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಕೊಂಬೆಗೆ ಹತ್ತಾರು ಗೂಡು, ಗೂಡಿಗೆ ಎರಡು ಮೂರು ಮರಿ. ದೊಡ್ಡ ಹಕ್ಕಿಗಳಿಗೆ ಹಳದಿ ಕೊಕ್ಕು, ರೆಕ್ಕೆಯಲ್ಲಿ ಕಪ್ಪು ಪಟ್ಟೆ, ಬಾಲದ ಹತ್ತಿರ ಯಾರೋ ಕುಂಕುಮ ತೊಳೆದ ನೀರು ಚೆಲ್ಲಿದ ಹಾಗೆ ಗುಲಾಬಿ ಬಣ್ಣ. ಮರಿಗಳು ಕತ್ತೆಮರಿ ಕೂಗಿದ ಹಾಗೆ ಕೂಗುತ್ತಿದ್ದವು. ಮೀನಿನ ವಾಸನೆಗೆ ಮೂಗು ಬಿಡುವ ಹಾಗಿರಲಿಲ್ಲ.

ಸಿದ್ದಮ್ಮ ಮೊದಲ ಮರದ ಕೆಳಗಿನ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹನುಮಂತ ಗಳ ಎತ್ತಿದ. ಆಕೆ ತಲೆ ಎತ್ತಲಿಲ್ಲ.

"ಗಳ ಕೆಳಗ ಇಡಪ್ಪ. ಮ್ಯಾಲ ಬಾಣಂತ್ಯಾರು ಅದಾರ."

ನಾನು ಮುಂದೆ ಬಂದು, ಗುತ್ತಿಗೆ ಹಿಡಿದವನು ನಾನು, ಮುಂಗಡ ಕೊಟ್ಟವನು ನಾನು ಅಂತ ಜೋರು ಮಾಡಿದೆ. ಆಕೆ ಮೊರ ಬದಿಗಿಟ್ಟಳು.

"ನೀ ಹಣ್ಣು ಹಿಡದೀ ತಮ್ಮಾ, ಗಿಡ ಹಿಡದಿಲ್ಲ. ಮರಿ ಹಾರಿದ ಮ್ಯಾಲ ಬಡಕೋ. ಅದಾ ನಮ್ಮ ಪದ್ಧತಿ."

"ಯಾವಾಗ ಹಾರ್ತಾವ?"

"ಮ್ಯಾಲ ಅದಾವಲ್ಲ, ಅವನ್ನಾ ಕೇಳು."

ಹನುಮಂತ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ಅದೇ ಹೊತ್ತಿಗೆ ಮೇಲಿನಿಂದ ಬೆರಳುದ್ದದ ಒಂದು ಮೀನು ಬಂದು ನನ್ನ ಹೆಗಲ ಮೇಲೆ ಬಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಸಿದ್ದಮ್ಮ ಅದನ್ನು ನೋಡಿ, "ಊಟಕ್ಕ ಕರಿಯಾಕತ್ತಾವ ನೋಡು," ಅಂದಳು.

ನಾನು ಸೋಲುವವನಲ್ಲ, ಚೌಕಾಸಿಗೆ ಇಳಿದೆ. ಗೂಡಿಲ್ಲದ ಕೊಂಬೆ ಮಾತ್ರ ಬಡಿಯುತ್ತೇವೆ ಅಂದೆ, ಒಂದು ಕೊಂಬೆ ಬಡಿದರೆ ಇಡೀ ಗಿಡ ನಡುಗುತ್ತದೆ ಅಂದಳು. ಹತ್ತಿ ಕೈಯಿಂದ ಬಿಡಿಸುತ್ತೇವೆ ಅಂದೆ, ಮನುಷ್ಯ ಹತ್ತಿದರೆ ತಾಯಿ ಎದ್ದು ಹೋಗುತ್ತದೆ, ಬಿಸಿಲಿಗೆ ಮರಿ ಸಾಯುತ್ತದೆ ಅಂದಳು. ಕೋಪಕ್ಕೆ, ಈ ಹಕ್ಕಿಯಿಂದ ನಿಮಗೇನು ಲಾಭ ಅಂತ ಕೇಳಿಬಿಟ್ಟೆ. ಆಗ ಆಕೆ ಎದ್ದು ನನ್ನನ್ನು ಮರದ ಬುಡಕ್ಕೆ ಕರೆದುಕೊಂಡು ಹೋದಳು. ಕೆಳಗೆಲ್ಲ ಕೆರೆಯ ಮಣ್ಣು ಹರಡಿದ್ದರು. ಅದರ ಮೇಲೆ ಹಕ್ಕಿಯ ಹಿಕ್ಕೆ ಸುಣ್ಣ ಚೆಲ್ಲಿದಂತೆ ಬಿದ್ದಿತ್ತು. ಮಳೆಗಾಲಕ್ಕೆ ಮೊದಲು ಆ ಮಣ್ಣನ್ನು ಊರವರೆಲ್ಲ ಪಾಲು ಹಾಕಿಕೊಂಡು ಹೊಲಕ್ಕೆ ಹೊಡೆಯುತ್ತಾರಂತೆ. ಊರಿಗೆ ಗೊಬ್ಬರ ಹೊರಗಿನಿಂದ ಬಂದದ್ದೇ ಇಲ್ಲವಂತೆ. ಹಿಂದೊಮ್ಮೆ ಜೀಪಿನಲ್ಲಿ ಬಂದೂಕಿನವರು ಬಂದಾಗ ಊರ ಹೆಂಗಸರೇ ದಾರಿಗೆ ಬಂಡಿ ಅಡ್ಡ ನಿಲ್ಲಿಸಿದ್ದರಂತೆ. ಲಾಭ ಕೇಳಿದವನಿಗೆ ಆಕೆ ಮೊದಲು ಲಾಭ ತೋರಿಸಿದಳು. ಹಕ್ಕಿಗಳನ್ನು ಬಾಣಂತಿಯರು ಅಂತ ನೋಡಿಕೊಳ್ಳುವ ರೂಢಿ ಆ ಲಾಭಕ್ಕಿಂತಲೂ ಹಳೆಯದು ಅಂತ ಆಮೇಲೆ ಗೊತ್ತಾಯಿತು.

ಖಾಲಿ ಬಂಡಿಯಲ್ಲಿ ವಾಪಸು ಬಂದವನು ಸುಮ್ಮನೆ ಕೂಡಲಿಲ್ಲ. ಗಿಡಗಳ ವಿಷಯ ಅರಣ್ಯ ಇಲಾಖೆಗೆ ಸೇರಿದ್ದು, ಅವರಿಂದ ಒಂದು ಮಾತು ಹೇಳಿಸಿದರೆ ಮುದುಕಿ ಹೆದರುತ್ತಾಳೆ ಅಂತ ರಾಯಚೂರಿನ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಮೈಸೂರು ಕಡೆಯವರು, ಹರೆಯದವರು. ನನ್ನ ದೂರನ್ನು ಪೂರ್ತಿ ಕೇಳಿದರು. ಹಕ್ಕಿ ಹೇಗಿದೆ, ಗೂಡು ಎಷ್ಟಿರಬಹುದು, ಮರಿ ಎಷ್ಟು ದೊಡ್ಡವು ಅಂತ ಒಂದೊಂದೇ ಕೇಳಿದರು. ನನ್ನ ಕೇಸು ಗಟ್ಟಿಯಾಗುತ್ತಿದೆ ಅಂತ ಉತ್ಸಾಹದಿಂದ ಎಲ್ಲ ಹೇಳಿದೆ. ಅವರು ಮೇಜಿನ ಮೇಲಿದ್ದ ಕಾಯ್ದೆಯ ಪುಸ್ತಕ ತೆಗೆದರು. ಎಪ್ಪತ್ತೆರಡರಲ್ಲಿ ದಿಲ್ಲಿಯಲ್ಲಿ ಹೊಸ ಕಾನೂನು ಆಗಿದೆ, ಕಾಡುಪ್ರಾಣಿ, ಹಕ್ಕಿ, ಅವುಗಳ ಗೂಡು, ಮೊಟ್ಟೆ ಮುಟ್ಟಿದರೂ ಅಪರಾಧ ಅಂತ ವಿವರಿಸಿದರು. ಕೊನೆಗೆ ನಗುತ್ತ ಹೇಳಿದರು:

"ನೀವು ಮರ ಬಡಿದಿದ್ರೆ ನಾನು ನಿಮ್ಮ ಮೇಲೇ ಕೇಸ್ ಹಾಕಬೇಕಾಗ್ತಿತ್ತು. ಬಂಡೀಪುರದಲ್ಲಿ ಹುಲಿ ಉಳಿಸೋಕೆ ಗಾರ್ಡುಗಳು, ಜೀಪು, ವೈರ್‌ಲೆಸ್ಸು ಎಲ್ಲ ಇಟ್ಟಿದ್ದೀವಿ. ಇಲ್ಲಿ ಒಬ್ಬ ಅಜ್ಜಿ ಮೊರ ಹಿಡ್ಕೊಂಡು ಕೂತಿದಾರೆ ಅಂತೀರಿ. ನಿಮ್ಮನ್ನ ಉಳಿಸಿದ್ದು ಆ ಅಜ್ಜಿ ಕಣ್ರೀ."

ದೂರು ಕೊಡಲು ಹೋದವನು ಊರಿನ ಪರವಾಗಿ ಸಾಕ್ಷಿ ಹೇಳಿ ಬಂದೆ. ಅಲ್ಲಿಂದ ನೇರವಾಗಿ ಗಂಜ್‌ಗೆ ಹೋಗಿ ಸಾಹುಕಾರರ ಮುಂದೆ ಕೈ ಮುಗಿದೆ. ಅವರು ಬಸವ ಜಯಂತಿಯವರೆಗೆ ಗಡುವು ಕೊಟ್ಟರು. ಮಾಲು ಬಂದರೆ ಕಟ್ಟೆ ನಿನ್ನದು, ಬರದಿದ್ದರೆ ಕಾಯುತ್ತಿರುವವರು ಬೇರೆ ಇದ್ದಾರೆ ಅಂದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಯುಗಾದಿ ಆಗಿ ಸ್ವಲ್ಪ ದಿನಕ್ಕೆ ಮಾನ್ವಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸಿದ್ದಮ್ಮ ಹೇಳಿ ಕಳಿಸಿದ್ದಳು. ಎರಡು ಗಿಡದ ಮರಿ ಹಾರ್ಯಾವ, ಬಂದು ಬಡಕೊಂಡು ಹೋಗು, ಉಳಿದವು ಒಂದೊಂದೇ ಆಗ್ತಾವ ಅಂತ. ಹನುಮಂತನನ್ನು ಕರೆದುಕೊಂಡು, ಮಾನ್ವಿಯಲ್ಲಿ ಒಂದು ಬಂಡಿ ಹೊಸ ಗೋಣಿಚೀಲ ಹೇರಿಸಿಕೊಂಡು ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ಆ ಊರಲ್ಲಿ ಮೊದಲ ಗಳ ಹಿರಿಯ ಹೆಂಗಸು ಮುಟ್ಟಿಸಬೇಕು. ಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ಗಳ ಹಿಡಿದಿದ್ದಳು. ಇನ್ನೇನು ಕೊಂಬೆಗೆ ಮುಟ್ಟಿಸಬೇಕು, ಅಷ್ಟರಲ್ಲಿ ಹೊಳೆಯ ಕಡೆಯಿಂದ ಕೆಂಪು ಧೂಳು ಎದ್ದು ಬಂತು.

ನಮ್ಮ ಕಡೆ ಬೇಸಿಗೆಯಲ್ಲಿ ಹೇಳದೆ ಕೇಳದೆ ಸುರಿಯುವ ಅಡ್ಡಮಳೆ ಗೊತ್ತಿದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮೊದಲು ಗಾಳಿ, ಆಮೇಲೆ ದಪ್ಪ ಹನಿ. ಮರಗಳು ಬುಡದಿಂದ ತೂಗಾಡತೊಡಗಿದವು. ನಾನು ಇಷ್ಟು ದಿನ ಬಡಿಯಬೇಕು ಅಂದುಕೊಂಡಿದ್ದ ಒಂಬತ್ತೂ ಮರಗಳನ್ನು ಗಾಳಿಯೇ ಬಡಿಯಿತು. ಹುಣಸೆಹಣ್ಣು ಪಟಪಟನೆ ಉದುರಿತು. ಅದರ ಜೊತೆಗೇ ಗೂಡುಗಳ ಕಡ್ಡಿ, ಕಡ್ಡಿಯ ಜೊತೆ ಮರಿಗಳು.

ನಾನು ಓಡಿದ್ದು ಹಣ್ಣಿನ ಕಡೆಗೆ. ಮಳೆ ಹತ್ತಿದ ಹುಣಸೆಹಣ್ಣು ಕಪ್ಪಾಗಿ ಬೂಸು ಹಿಡಿಯುತ್ತದೆ, ಗಂಜ್‌ನಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಹನಿ ಜೋರಾಗುವ ಮೊದಲು ಎಷ್ಟು ಸಿಕ್ಕರೆ ಅಷ್ಟು ಅಂತ ಎರಡೂ ಕೈಯಿಂದ ಬಾಚಿ ಒಂದು ಚೀಲ ಅರ್ಧ ತುಂಬಿದ್ದೆ. ಆಗ ಒಂದು ಮರಿ ಮೇಲಿನಿಂದ ಬಂದು ನನ್ನ ಚೀಲದೊಳಗೇ ಬಿತ್ತು. ಕೋಳಿಯಷ್ಟು ಇತ್ತು. ಮೈತುಂಬ ಬಿಳಿ ತುಪ್ಪಳ, ಮೈಗೆ ಹೊಂದದಂಥ ಉದ್ದ ಕೊಕ್ಕು. ನನ್ನ ಹಣ್ಣಿನ ಮೇಲೆ ಒಂದು ಮೀನು ಕಾರಿಕೊಂಡಿತು. ಆಮೇಲೆ ತಲೆ ಓರೆ ಮಾಡಿ ನನ್ನನ್ನೇ ನೋಡಿತು.

ಸಿದ್ದಮ್ಮ ಆಚೆ ಮರದ ಕೆಳಗೆ ಸೆರಗು ಒಡ್ಡಿ ನಿಂತಿದ್ದಳು. ಊರ ಹೆಂಗಸರು, ಗಂಡಸರು ಕಂಬಳಿ, ಕೌದಿ, ಸಿಕ್ಕಿದ್ದು ಹಿಡಿದು ಓಡಿ ಬರುತ್ತಿದ್ದರು. ಒಬ್ಬರೂ ಬಗ್ಗಿ ಹಣ್ಣು ಆರಿಸುತ್ತಿರಲಿಲ್ಲ. ಆಕೆ ನನ್ನ ಕಡೆ ನೋಡಿ ಹೇಳಿದಳು:

"ತಮ್ಮಾ, ನಿನ್ನ ಹಂತ್ಯಾಕ ಚೀಲ ಅದಾವ."

ಅಷ್ಟೇ ಹೇಳಿದ್ದು. ಕೊಡು ಅನ್ನಲಿಲ್ಲ. ನಾನು ಚೀಲದ ಹಣ್ಣು ಕೆಳಗೆ ಸುರುವಿ ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡೆ. ಹನುಮಂತ ಕುಡುಗೋಲಿನಿಂದ ಹೊಸ ಚೀಲಗಳ ಹೊಲಿಗೆ ಸೀಳಿದ. ಅವನ್ನು ಅಗಲ ಮಾಡಿ, ಅಂಚಿಗೆ ಅಂಚು ಗಂಟು ಹಾಕಿ, ಮರ ಬಡಿಯಲು ತಂದಿದ್ದ ಗಳಗಳಿಗೆ ಬಿಗಿದೆವು. ಒಂದೊಂದು ಗಳಕ್ಕೆ ನಾಲ್ಕು ಜನ ನಿಂತು ಎತ್ತಿ ಹಿಡಿದೆವು. ಮರಿಗಳು ಬಿದ್ದವು, ಪುಟಿದವು, ಹೆಂಗಸರು ಎತ್ತಿ ಬುಟ್ಟಿಗೆ ಹಾಕಿಕೊಂಡು ಸಿದ್ದಮ್ಮನ ದನದ ಕೊಟ್ಟಿಗೆಗೆ ಒಯ್ದರು. ಕಾಲ ಕೆಳಗೆ ಹಣ್ಣು ಕೆಸರಿನೊಳಗೆ ಸೇರಿ ಹುಳಿಯ ವಾಸನೆ ಎದ್ದಿತು. ಆ ಹೊತ್ತಿನಲ್ಲಿ ನಾನು ನಷ್ಟದ ಲೆಕ್ಕ ಹಾಕಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಾಕಿದೆ. ಕಂಕುಳಲ್ಲಿ ಮರಿ ಇಟ್ಟುಕೊಂಡೇ ಹಾಕಿದೆ.

ಮಳೆ ನಿಂತಾಗ ಇನ್ನೂ ಬಿಸಿಲಿತ್ತು. ಕೆಲವು ಮರಿಗಳು ಸತ್ತಿದ್ದವು, ಬಹಳಷ್ಟು ಉಳಿದಿದ್ದವು. ತಾಯಿ ಹಕ್ಕಿಗಳು ತೊಯ್ದ ಕೊಂಬೆಗಳ ಮೇಲೆ ನಿಂತು ಕೊಕ್ಕಿಗೆ ಕೊಕ್ಕು ಕಟಕಟ ಬಡಿಯುತ್ತಿದ್ದವು. ಹೊಳೆಗೆ ಹೋದವರು ಸಣ್ಣ ಮೀನು ಹಿಡಿದು ತಂದು ಕೊಟ್ಟಿಗೆಯಲ್ಲಿ ಹಾಕಿದರು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಬೋಳಾದ ಮರ, ಸೀಳಿದ ಚೀಲ. ಗಂಜ್‌ನ ಕಟ್ಟೆ ಕೈ ಬಿಟ್ಟಿತು ಅಂತ ಖಾತ್ರಿಯಾಗಿತ್ತು. ಸಿದ್ದಮ್ಮ ಚಹಾ ತಂದುಕೊಟ್ಟು, ಯಾಕೆ ಮುಖ ಹೀಗೆ ಅಂತ ಕೇಳಿದಳು. ಸಾಹುಕಾರರ ಮಾತು, ಬಸವ ಜಯಂತಿಯ ಗಡುವು ಎಲ್ಲ ಹೇಳಿದೆ. ಆಕೆ ಹ್ಞೂಂ ಅಂದಳು, ರೊಟ್ಟಿ ಬಡಿಯಲು ಒಳಗೆ ಹೋದಳು.

ಬೆಳಿಗ್ಗೆ ಎದ್ದು ಹೊರಗೆ ಬಂದರೆ ಅದೇ ಕಟ್ಟೆಯ ಮೇಲೆ ಬುಟ್ಟಿಗಳ ಸಾಲು. ಇನ್ನೂ ಒಬ್ಬೊಬ್ಬರೇ ತರುತ್ತಿದ್ದರು. ಯಾರದೋ ಗಡಿಗೆ, ಯಾರದೋ ಕೊಡ, ಯಾರದೋ ಹಳೆ ಡಬ್ಬಿ. ನಮ್ಮ ಕಡೆ ಪ್ರತಿ ಮನೆಯಲ್ಲೂ ಹುಣಸೆಹಣ್ಣಿನ ಬೀಜ ತೆಗೆದು, ಉಪ್ಪು ಹಾಕಿ ಗಡಿಗೆಯಲ್ಲಿ ಒತ್ತಿ ಇಡುತ್ತಾರೆ. ವರ್ಷ ಕಳೆದಂತೆ ಅದು ಕಪ್ಪಗೆ ಮೆತ್ತಗೆ ಆಗುತ್ತದೆ. ಸಾರಿಗೂ ಔಷಧಿಗೂ ಅದನ್ನೇ ಹುಡುಕುತ್ತಾರೆ, ಹೊಸ ಹಣ್ಣಿಗಿಂತ ಅದಕ್ಕೆ ದರ ಜಾಸ್ತಿ. ಬೆರಳಲ್ಲಿ ಒಂದು ಉಂಡೆ ಒತ್ತಿ ನೋಡಿದೆ. ಅಂಥ ಮಾಲು ನಾನು ಆವರೆಗೆ ಗಂಜ್‌ಗೆ ಒಯ್ದಿರಲಿಲ್ಲ. ಊರಿನ ಒಂದು ವರ್ಷದ ಸಾರು ಅದು. ನಾನು ದರ ಕೇಳದೆ ಉಂಡೆಯನ್ನು ಗಡಿಗೆಗೆ ವಾಪಸು ಇಟ್ಟೆ, ಇದು ನನ್ನನ್ನು ಬಲ್ಲವರಿಗೆ ಆಶ್ಚರ್ಯದ ಸಂಗತಿ.

"ಪುಕ್ಕಟೆ ಅಂತ ತಿಳ್ಕೋಬ್ಯಾಡ," ಅಂದಳು ಸಿದ್ದಮ್ಮ. "ಮುಂದಿನ ವರ್ಷನೂ ನೀನಾ ಗಿಡ ಹಿಡೀಬೇಕು. ಕೊಯ್ಲು ನಮ್ಮ ಪದ್ಧತಿ ಪ್ರಕಾರ, ದರ ನಾ ಹೇಳಿದ್ದು. ಚೌಕಾಸಿ ಮಾಡಂಗಿಲ್ಲ."

ಬಾಯಿಂದ ತಾನಾಗಿ ಬಂತು: "ಸ್ವಲ್ಪಾದ್ರೂ ಮಾಡಾಕ ಬಿಡು ಯವ್ವಾ."

ಅಲ್ಲಿದ್ದವರೆಲ್ಲ ನಕ್ಕರು. ಆಕೆಯೂ ನಕ್ಕಳು. "ಸ್ವಲ್ಪ ಮಾಡು," ಅಂದಳು.

ಲಾರಿ ತುಂಬುವಷ್ಟು ಆಗಲಿಲ್ಲ, ಒಂದು ಬಂಡಿಯಾಯಿತು. ಸಾಹುಕಾರರು ಒಂದು ಉಂಡೆ ಮೂಸಿದರು, ನಾಲಿಗೆಗೆ ಹಚ್ಚಿದರು, ಎಲ್ಲಿ ಸಿಕ್ಕಿತು ಅಂತ ಕೇಳಿದರು. ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವರು ನಗಲಿಲ್ಲ. ಇಂಥ ಮಾಲು ಕೊಡುವ ಊರು ನಿನ್ನ ಬೆನ್ನಿಗಿದ್ದರೆ ಲಾರಿ ಮುಂದೆ ಬಂದೇ ಬರುತ್ತದೆ ಅಂತ ಕಟ್ಟೆ ಕೊಟ್ಟರು. ಆದರೆ ಸುದ್ದಿ ಗಂಜ್ ತುಂಬ ಹಬ್ಬಿತು. ಅಂದಿನಿಂದ ನನ್ನ ಹೆಸರು ಕೊಕ್ಕರಿ ಸಾಹುಕಾರ. ಈಗಲೂ ಮಾನ್ವಿಯ ಆ ಹೋಟೆಲಿಗೆ ಹೋದರೆ, ಮರಿ ಹಾರಿದ್ವೇನ್ರಿ ಅಂತಲೇ ಚಹಾ ಕೊಡುತ್ತಾರೆ.

ಎಂಬತ್ತನೇ ಇಸವಿಯ ನಂತರ ಒಂದು ಸಲ ಇಲಾಖೆಯವರು ಬಂದು ಮರಗಳ ಸುತ್ತ ತಂತಿ ಬೇಲಿ ಹಾಕುವ ಮಾತಾಡಿದರು. ಆ ದಿನ ನಾನೂ ಆ ಕಟ್ಟೆಯ ಮೇಲಿದ್ದೆ. ಸಿದ್ದಮ್ಮ ಬೇಡ ಅಂತ ಜಗಳ ಮಾಡಲಿಲ್ಲ. "ಬೇಲಿ ಹಾಕಿದ್ರ ಹಕ್ಕಿ ಒಳಗ, ನಾವು ಹೊರಗ. ಬಿದ್ದ ಮರಿ ಯಾರು ಎತ್ತತೀರ್ರಿ?" ಅಂತ ಕೇಳಿದಳು. ನಾನು ನಡುವೆ ಬಾಯಿ ಹಾಕಿ, ಬೇಲಿ ಬಿಟ್ಟು ಬೋರ್ಡಿಗೆ ವ್ಯವಹಾರ ಮುಗಿಸಿದೆ. ಹಕ್ಕಿಗಳಿಗೆ ತೊಂದರೆ ಕೊಡಬಾರದು ಅಂತ ಊರ ಹೊರಗೆ ಒಂದು ಬೋರ್ಡು ಬಂತು, ಮರಗಳು ಊರಿನ ಕೈಯಲ್ಲೇ ಉಳಿದವು. ನನ್ನ ಜೀವಮಾನದ ಒಳ್ಳೆಯ ಚೌಕಾಸಿ ಅದೇ ಅಂತ ನಾನು ತಿಳಿದಿದ್ದೇನೆ. ಈಗ ಸಿದ್ದಮ್ಮ ಇಲ್ಲ. ಮೊದಲ ಗಳ ಆಕೆಯ ಸೊಸೆ ಮುಟ್ಟಿಸುತ್ತಾಳೆ. ನಾನು ಪ್ರತಿ ವರ್ಷ ಯುಗಾದಿಗೆ ಮೊದಲೇ ಸೀಳಿದ ಹಳೆ ಚೀಲಗಳ ಒಂದು ಕಟ್ಟು ಕಳಿಸುತ್ತೇನೆ. ಗಾಳಿ ಬರುವುದು ಹೇಳಿ ಬರುವುದಿಲ್ಲವಲ್ಲ.

ಇನ್ನು ಓದುಗರಿಗೆ ನನ್ನ ಸಲಹೆ. ನಿಮ್ಮ ಕಡೆಯೂ ಇಂಥ ಊರು ಇರಬಹುದು, ಹಕ್ಕಿ ನೋಡಲು ಹೋಗುವುದಾದರೆ ಮನೆ ಮಂದಿಯನ್ನೆಲ್ಲ ಕಟ್ಟಿಕೊಂಡು ಗದ್ದಲ ಮಾಡುತ್ತ ಹೋಗಬೇಡಿ. ಜನ ಹೆಚ್ಚಾದರೆ ತಾಯಿ ಹಕ್ಕಿ ಎದ್ದು ಹೋಗುತ್ತದೆ. ನಾನು ಈ ಊರಿನ ಹೆಸರು ಬರೆಯದಿರುವುದೂ ಅದಕ್ಕೇ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ. ಬಿದ್ದ ಮರಿ ಕಂಡರೆ ಮನೆಗೆ ಒಯ್ಯಬೇಡಿ, ಊರವರ ಕೈಗೆ ಕೊಡಿ, ಅವರಿಗೆ ಗೊತ್ತಿರುತ್ತದೆ. ವ್ಯಾಪಾರಿಗಳಿಗೆ ಇನ್ನೊಂದು ಮಾತು. ಯಾರಾದರೂ ಪದ್ಧತಿ ಪ್ರಕಾರ ಅಂದರೆ, ಯಾವ ಪದ್ಧತಿ ಅಂತ ಅಲ್ಲೇ ಕೂತು ಪೂರ್ತಿ ಕೇಳಿಕೊಳ್ಳಿ. ಮರ ತೀರಾ ಅಗ್ಗಕ್ಕೆ ಸಿಕ್ಕರೆ ಮುಂಗಡ ಕೊಡುವ ಮೊದಲು ಒಂದು ಸಲ ತಲೆ ಎತ್ತಿ ಮೇಲೆ ನೋಡಿ. ಮೇಲೆ ಗೂಡು ಕಂಡರೂ ಹಿಂಜರಿಯಬೇಡಿ, ಗುತ್ತಿಗೆ ಹಿಡಿಯಿರಿ. ಹೋಗುವಾಗ ಚೀಲ ಮಾತ್ರ ಸ್ವಲ್ಪ ಹೆಚ್ಚಿಗೆ ಒಯ್ಯಿರಿ.